ಬಲಗಿವಿಯ ಕಡೆ

ಶುಕ್ರವಾರ, ಇನ್ವೆರೆಲ್ ಊರಿನ ಬೌಲಿಂಗ್ ಕ್ಲಬ್ಬು.
ಹಾಡಿಗೆ ಮೊದಲು ಮಾಂಸದ ತಟ್ಟೆಯ ಲಾಟರಿ.
ಒಮ್ಮೆ ನನ್ನ ಚೀಟಿಗೇ ಬಂತು.
ನಾನೇ ಬೆಳಿಗ್ಗೆ ಮುದ್ರೆಯೊತ್ತಿದ ಕುರಿ ಇದ್ದೀತು,
ಕಸಾಯಿಖಾನೆಯ ತಪಾಸಣೆ ಡಾಕ್ಟರಿಗೆ ದೇವರ ತಮಾಷೆ.
ಪಕ್ಕದ ಮೇಜಿಗೆ ದಾಟಿಸಿ ಕೂತೆ.
ದಿನವಿಡೀ ಕೊಕ್ಕೆಯಲ್ಲಿ ತೂಗಿಬಂದ ಗುಂಡಿಗೆ, ಪುಪ್ಪುಸ
ಒಂದೊಂದೇ ಮುಟ್ಟಿ ನೋಡಿದ ಕೈ
ತಣ್ಣನೆ ಗ್ಲಾಸು ಹಿಡಿದು ಸುಮ್ಮನಾಗುತ್ತದೆ.

ಆಮೇಲೆ ಅವರು.
ಮರ್ವ್ ಟ್ರೆಗೋನಿಂಗ್, ಶಾಲೆಯ ಬಸ್ಸು ಓಡಿಸಿ ಸೊಂಟ ಹಿಡಿಸಿಕೊಂಡವನು.
ಜಾಯ್ಲೀನ್ ಕ್ರಿಬ್, ಔಷಧಿ ಅಂಗಡಿಯಲ್ಲಿ ತಿಂಗಳಿಗೊಮ್ಮೆ
ನನ್ನ ಬಿಪಿ ಮಾತ್ರೆ ಎಣಿಸಿಕೊಡುವವಳು.
ಇಬ್ಬರಿಗೂ ಒಂದೇ ಮೈಕು.
ಅವನ ಎಡಗಿವಿ ಸತ್ತು ಒಂಬತ್ತು ವರ್ಷ,
ಅದಕ್ಕೇ ಅವಳು ಯಾವತ್ತೂ ಬಲಕ್ಕೆ.

ಗಂಡ ಹೆಂಡತಿಯೇ ಎಂದು ಬಾರಿನ ಹುಡುಗಿಯನ್ನು ಕೇಳಿದ್ದೆ.
"ಅಯ್ಯೋ, ಅವಳ ಗಂಡ ಅಲ್ಲಿದ್ದಾನಲ್ಲ!"
ಅಲ್ಲಿದ್ದ. ಹಾರೆಯಂಥ ಬೆರಳು, ಮುಂದೆ ಬಿಸಿ ಚಿಪ್ಸು.
ಹೆಂಡತಿ ಇನ್ನೊಬ್ಬನ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು
ಬಿಟ್ಟುಹೋಗಬೇಡ ಎಂದು ಹಾಡಿ ಮುಗಿಸಿದರೆ
ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವವನು.

ಹಾಡಿನಲ್ಲಿ ಹೊಸದೇನಿಲ್ಲ.
ಯಾರೋ ಟ್ರಕ್ಕು ಹತ್ತಿ ಹೋದ, ಬೇಲಿಯ ಬಾಗಿಲು ಹಾಕಿಲ್ಲ,
ನಾಯಿ ಇನ್ನೂ ರಸ್ತೆ ನೋಡುತ್ತಿದೆ.
ಅರ್ಧ ಮಾತು ನನಗೆ ತಿಳಿಯುವುದೂ ಇಲ್ಲ, ಮೂಗಿನಲ್ಲಿ ಎಳೆಯುತ್ತಾರೆ.

ನಿಜ ಹೇಳಬೇಕೆಂದರೆ ಮೊದಲ ವಾರ ಅಪಸ್ವರ ಅಂದುಕೊಂಡೆ.
ಅವನು ಷಡ್ಜದಲ್ಲಿ ನಿಂತರೆ ಇವಳು ಗಾಂಧಾರದಲ್ಲಿ,
ಅವನು ಇಳಿದರೆ ಅಷ್ಟೇ ಅಂತರ ಇಟ್ಟುಕೊಂಡು ಇವಳೂ.
ನನ್ನ ಕಿವಿ ಒಂದು ದಾರಿಯದು. ಇಬ್ಬರು ಹಾಡಿದರೆ
ಒಂದೇ ಎಳೆ, ಇಲ್ಲವೇ ಸರದಿ.
ಮೂರನೆಯ ಶುಕ್ರವಾರ, ಎರಡು ದನಿ ಸೇರಿ
ಯಾರೂ ಹಾಡದ ಮೂರನೆಯದೊಂದು
ಸೂರಿನ ತಗಡಿನಲ್ಲಿ ಜುಮ್ಮೆಂದಾಗ
ನೆನಪಾದದ್ದು ಬೀಸುಕಲ್ಲು.
ಅಜ್ಜಿ ಮತ್ತು ಅವಳ ನೆಗೆಣ್ಣಿ, ಮಾತು ಬಿಟ್ಟವರು,
ಎದುರುಬದುರು ಕೂತು ಒಂದೇ ಗೂಟಕ್ಕೆ ಎರಡು ಕೈ.
ಜಗಳ ಅದರ ಪಾಡಿಗೆ ಇತ್ತು.
ಜೋಳದ ಹಿಟ್ಟು ಸಣ್ಣಗೆ ಬೀಳುತ್ತಿತ್ತು.

ಕೇಳುವುದಕ್ಕಿಂತ ನೋಡುವುದೇ ನನಗೆ ಹಿತ,
ಅದರಲ್ಲೂ ಹಾಡು ಶುರುವಾಗುವ ಮುಂಚಿನ ಚಿಟಿಕೆ ಹೊತ್ತು.
ಅವಳು ಅವನ ಮುಖ ನೋಡುವುದಿಲ್ಲ,
ಅಂಗಿಯ ಎರಡನೇ ಗುಂಡಿ ನೋಡುತ್ತಾಳೆ.
ಅದು ಮೇಲೇಳಬೇಕು, ಆಗ ಅವಳ ಬಾಯಿ ತೆರೆಯಬೇಕು.
ದನದ ಪಕ್ಕೆ ನೋಡಿ ಉಸಿರೆಣಿಸಿದವನು ನಾನು.
ಎಷ್ಟು ವರ್ಷ ಹಾಗೆ ನಿಂತರೆ ಆ ಕಣ್ಣು ಬರುತ್ತದೆ, ಗೊತ್ತು.

ಕಳೆದ ವಾರ ಎರಡನೇ ಚರಣಕ್ಕೆ ಮರ್ವ್ ಖಾಲಿಯಾದ.
ಗಿಟಾರು ನಡೆಯುತ್ತಲೇ ಇತ್ತು, ಬಾಯಿ ತೆರೆದೇ ಇತ್ತು,
ಬಸ್ಸಿನ ತುಂಬ ಮಕ್ಕಳಿದ್ದು ದಾರಿ ಮರೆತವನ ಮುಖ.
ಜಾಯ್ಲೀನ್ ಒಂದು ಮಾತ್ರೆಯೂ ತಪ್ಪದೆ
ತನ್ನ ಸಾಲು ಬಿಟ್ಟು, ಕೆಳಗಿಳಿದು, ಅವನದನ್ನು ಎತ್ತಿಕೊಂಡಳು.
ಮೇಲೆ ಅವಳ ಜಾಗ ಖಾಲಿ.
ಖಾಲಿ ಇದ್ದದ್ದು ಇಡೀ ಕ್ಲಬ್ಬಿಗೆ ಕೇಳಿಸಿತು,
ಜೂಜಿನ ಯಂತ್ರದ ಮುಂದಿನ ಮುದುಕನೂ ತಿರುಗಿದ.
ಬೂಟಿನ ತುದಿಯಿಂದ ಅವನ ಬೂಟು ಒತ್ತಿದಳು.
ಮರ್ವ್ ಬಂದ. ಬಂದದ್ದು ಅವಳ ದಾರಿಗೆ,
ಮೇಲಿನ ಗಾಂಧಾರಕ್ಕೆ, ಹರಿದ ಗಂಟಲಲ್ಲಿ,
ಹುಂಜದ ಮರಿಗೆ ಮೊದಲ ಕೂಗು ಬಂದ ಹಾಗೆ!
ಅದಲು ಬದಲಾಗಿಯೇ ಚರಣ ಮುಗಿಸಿದರು,
ನಗು ನುಂಗಿಕೊಂಡು,
ದೊಡ್ಡ ಮಂಚವೊಂದನ್ನು ಇಬ್ಬರೇ
ಸಣ್ಣ ಬಾಗಿಲಲ್ಲಿ ಓರೆ ಮಾಡಿ ದಾಟಿಸಿದಂತೆ.
ಗಂಡನ ಕೈಯ ಚಿಪ್ಸು
ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು.

ಎಲ್ಲ ಮುಗಿದ ಮೇಲೆ ವೈರು ಸುತ್ತುವುದು ಅವನೇ,
ಮೊಣಕೈಗೂ ಅಂಗೈಗೂ, ಹಗ್ಗದ ಹಾಗೆ.
"ಹೇಗಿತ್ತು ಡಾಕ್ಟರೇ?"
ಆ ಎರಡನೇ ಚರಣ, ಎಂದೆ.
"ಹೂಂ," ಎಂದ. ಸುತ್ತು ತಪ್ಪಿತು, ಬಿಚ್ಚಿ ಮೊದಲಿಂದ ಸುತ್ತಿದ.
"ಅದೇ."